ಜೀವಿ ನಕಲಿ ಎಂದ ಪ್ರೇಕ್ಷಕ ಹೇಳುತ್ತಿರುವುದೇನು?

(ಉಡುಪಿಯಲ್ಲಿ ಸಿನಿಮಾಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಸಭೆಯಲ್ಲಿರುವ ಹಿರಿಯರಿಗೂ, ಸಿನಿಮಾ ಮಾಡಬೇಕೆಂಬ ಹಂಬಲ ಹೊತ್ತು ಬಂದಿರುವ ಕಿರಿಯ ಗೆಳೆಯರಿಗೂ ನಮಸ್ಕಾರ. ಕಡಿಮೆ ಖರ್ಚಿನಲ್ಲಿ ತಯಾರಾದ, ವಿಚಿತ್ರ ಜೀವಿಯೊಂದನ್ನು ಭಯದ ಮೂಲವಾಗಿ ಇಟ್ಟುಕೊಂಡ ಹಾರರ್ ಚಿತ್ರಗಳ ಬಗ್ಗೆ ಪ್ರೇಕ್ಷಕರು ಆಡುವ ಮಾತುಗಳೇ ಇಂದಿನ ನನ್ನ ವಿಷಯ. ಈ ಪ್ರಕಾರವನ್ನು ವಿಮರ್ಶಕರು ಬಹುಕಾಲ ಗಂಭೀರವಾಗಿ ಪರಿಗಣಿಸಲಿಲ್ಲ. ಇದನ್ನು ಉಳಿಸಿಕೊಂಡು ಬಂದವರು ಟಿಕೆಟ್ ಕೊಂಡು ಕುಳಿತ ಸಾಮಾನ್ಯ ನೋಡುಗರು. ಅವರ ಅಭಿಪ್ರಾಯ ಒರಟಾಗಿರಬಹುದು, ಒಂದೇ ಸಾಲಿನದ್ದಾಗಿರಬಹುದು. ಆದರೆ ಸಣ್ಣ ಬಂಡವಾಳದಲ್ಲಿ ಚಿತ್ರ ಮಾಡುವವರಿಗೆ ಅದಕ್ಕಿಂತ ಉಪಯುಕ್ತವಾದ ಪಾಠ ಬೇರೆಡೆ ಸಿಗುವುದಿಲ್ಲ ಎಂದು ನಾನು ನಂಬಿದ್ದೇನೆ.

ಇಂತಹ ಚಿತ್ರ ಮುಗಿದು ಜನ ಹೊರಗೆ ಬರುವಾಗ ಕೇಳಿಬರುವ ಮಾತುಗಳು ನಮಗೆಲ್ಲ ಪರಿಚಿತ. ಜೀವಿ ರಬ್ಬರಿನಂತಿತ್ತು, ಗ್ರಾಫಿಕ್ಸ್ ಕಳಪೆ, ಕತ್ತಲಲ್ಲಿ ಏನೂ ಕಾಣಲಿಲ್ಲ, ಕೊನೆಯವರೆಗೂ ಏನನ್ನೂ ತೋರಿಸಲೇ ಇಲ್ಲ, ಹೆದರಬೇಕಾದಲ್ಲಿ ನಗು ಬಂತು. ಒಂದೇ ಚಿತ್ರವನ್ನು ನೋಡಿದ ಇಬ್ಬರಲ್ಲಿ ಒಬ್ಬರು ಜೀವಿಯನ್ನು ಅತಿಯಾಗಿ ತೋರಿಸಿದರು ಎಂದೂ ಮತ್ತೊಬ್ಬರು ಸಾಕಷ್ಟು ತೋರಿಸಲಿಲ್ಲ ಎಂದೂ ದೂರುವುದುಂಟು. ಇದನ್ನು ಕೇಳಿದ ಅನೇಕ ನಿರ್ದೇಶಕರು, ಜನರಿಗೆ ಏನು ಬೇಕೆಂಬುದು ಜನರಿಗೇ ತಿಳಿದಿಲ್ಲ ಎಂದು ಕೈಚೆಲ್ಲುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಎರಡು ದೂರುಗಳೂ ಒಂದೇ ಕೊರತೆಯನ್ನು ಸೂಚಿಸುತ್ತಿರುತ್ತವೆ: ಜೀವಿ ಕಾಣಿಸಿಕೊಂಡ ಹೊತ್ತಿಗೆ ನೋಡುಗರ ಮನಸ್ಸು ಅದನ್ನು ಬರಮಾಡಿಕೊಳ್ಳಲು ಸಿದ್ಧವಾಗಿರಲಿಲ್ಲ. ಪ್ರೇಕ್ಷಕರು ಬಡತನವನ್ನು ಕ್ಷಮಿಸುತ್ತಾರೆ. ಅವರು ಕ್ಷಮಿಸದೇ ಇರುವುದು ಅವಸರವನ್ನು.

1942ರಲ್ಲಿ ಅಮೆರಿಕದ ಆರ್‌ಕೆಒ ಸಂಸ್ಥೆಯಲ್ಲಿ ತಯಾರಾದ ಕ್ಯಾಟ್ ಪೀಪಲ್ ಚಿತ್ರವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ನಿರ್ಮಾಪಕ ವಾಲ್ ಲ್ಯೂಟನ್ ಅವರಿಗೆ ಸಂಸ್ಥೆ ಕೊಟ್ಟದ್ದು ಒಂದು ಶೀರ್ಷಿಕೆ ಮತ್ತು ಒಂದೂವರೆ ಲಕ್ಷ ಡಾಲರಿಗೂ ಕಡಿಮೆ ಹಣ. ಕೆಲವು ಸೆಟ್‌ಗಳು ಕೂಡ ಬೇರೆ ಚಿತ್ರಕ್ಕಾಗಿ ಕಟ್ಟಿ ಉಳಿದಿದ್ದವು. ಚಿರತೆಯಾಗಿ ಬದಲಾಗುವ ಹೆಣ್ಣಿನ ಕತೆ ಅದು, ಆದರೆ ಬದಲಾವಣೆಯನ್ನು ತೆರೆಯ ಮೇಲೆ ನಂಬುವಂತೆ ತೋರಿಸುವುದಕ್ಕೆ ಅವರ ಬಳಿ ಹಣವಿರಲಿಲ್ಲ. ನಿರ್ದೇಶಕ ಜಾಕ್ ಟೂರ್ನರ್ ಮತ್ತು ಲ್ಯೂಟನ್ ಕೂಡಿ ಮಾಡಿದ ಎರಡು ದೃಶ್ಯಗಳನ್ನು ಇಂದಿಗೂ ಸಿನಿಮಾ ವಿದ್ಯಾರ್ಥಿಗಳು ಅಭ್ಯಾಸ ಮಾಡುತ್ತಾರೆ. ಒಂದರಲ್ಲಿ, ಈಜುಕೊಳದ ನೀರಿನ ಬೆಳಕು ಗೋಡೆಗಳ ಮೇಲೆ ಅಲುಗಾಡುತ್ತಿರುವಾಗ ನೆರಳೊಂದು ಹಾಯುತ್ತದೆ, ಗುರುಗುಟ್ಟುವ ಸದ್ದು ಕೇಳುತ್ತದೆ, ನೀರಿನ ನಡುವೆ ಒಬ್ಬಳೇ ಇರುವ ಹೆಣ್ಣು ಕಿರುಚುತ್ತಾಳೆ. ಇನ್ನೊಂದರಲ್ಲಿ, ರಾತ್ರಿ ನಿರ್ಜನ ದಾರಿಯಲ್ಲಿ ನಡೆಯುತ್ತಿರುವವಳ ಬೆನ್ನ ಹಿಂದಿನ ಹೆಜ್ಜೆ ಸದ್ದು ಥಟ್ಟನೆ ನಿಂತುಹೋಗುತ್ತದೆ, ನಾವು ಉಸಿರು ಬಿಗಿಹಿಡಿದು ಕಾಯುತ್ತಿರುವಾಗ ಚಿರತೆ ಎರಗಿದಂತಹ ಬುಸುಗುಟ್ಟುವಿಕೆಯೊಡನೆ ಬಸ್ಸೊಂದು ಬಂದು ನಿಲ್ಲುತ್ತದೆ. ಕಂಡದ್ದು ಬಸ್ಸು ಮಾತ್ರ, ಆದರೆ ಚಿರತೆಯ ಬಗ್ಗೆ ನೋಡುಗರಲ್ಲಿದ್ದ ನಂಬಿಕೆ ಆ ಕ್ಷಣದಲ್ಲಿ ಇಮ್ಮಡಿಯಾಗುತ್ತದೆ.

ತೋರಿಸದೇ ಇರುವುದೇ ಯಾವಾಗಲೂ ಉತ್ತಮ ಎಂಬ ನಿಯಮವನ್ನು ಇದರಿಂದ ಕಟ್ಟುವುದು ತಪ್ಪು. 1955ರ ಇಟ್ ಕೇಮ್ ಫ್ರಮ್ ಬಿನೀತ್ ದ ಸೀ ಚಿತ್ರದಲ್ಲಿ ಗೋಲ್ಡನ್ ಗೇಟ್ ಸೇತುವೆಯನ್ನು ಮುರಿಯುವ ದೈತ್ಯ ಆಕ್ಟೋಪಸ್ ಢಾಳಾಗಿಯೇ ಕಾಣುತ್ತದೆ. ರೇ ಹ್ಯಾರಿಹೌಸನ್ ಅದನ್ನು ಗೊಂಬೆಯಾಗಿ ಮಾಡಿ ಸ್ಟಾಪ್ ಮೋಷನ್ ತಂತ್ರದಲ್ಲಿ ಒಂದೊಂದೇ ಫ್ರೇಮಿನಂತೆ ಚಲಿಸುವಂತೆ ಮಾಡಿದರು; ಖರ್ಚು ಮತ್ತು ಸಮಯ ಉಳಿಸಲು ಎಂಟು ತೋಳುಗಳ ಬದಲು ಆರನ್ನು ಮಾತ್ರ ಮಾಡಿದರು. ಯಾರಾದರೂ ಹೇಳುವವರೆಗೆ ತೋಳುಗಳನ್ನು ಎಣಿಸುವ ಪ್ರೇಕ್ಷಕ ಬಹಳ ಅಪರೂಪ. ಮೈಯ ಒಂದು ಭಾಗ ನೀರಿನಲ್ಲಿ, ಇನ್ನೊಂದು ಭಾಗ ಫ್ರೇಮಿನ ಹೊರಗೆ ಇರುವಂತೆ ಯೋಜಿಸಿದ್ದರಿಂದ ಎಣಿಸುವ ಅಗತ್ಯವೇ ಯಾರಿಗೂ ತೋರುವುದಿಲ್ಲ. ಜಪಾನಿನ 1954ರ ಗೊಜಿರಾ (ಗಾಡ್ಜಿಲ್ಲಾ) ಚಿತ್ರದಲ್ಲಿಯೂ ಸ್ಟಾಪ್ ಮೋಷನ್‌ಗೆ ಸಮಯ ಮತ್ತು ಹಣ ಸಾಲದೆ, ಭಾರವಾದ ಉಡುಪಿನೊಳಗೆ ನಟನೊಬ್ಬನನ್ನು ನಿಲ್ಲಿಸಿ ಸಣ್ಣ ಗಾತ್ರದ ನಗರವನ್ನು ತುಳಿಸಿದರು. ಉಡುಪಿಗಿಂತ ಮಿಗಿಲಾಗಿ ಜನರ ನೆನಪಿನಲ್ಲಿ ಉಳಿದದ್ದು ಆ ಪ್ರಾಣಿಯ ಕೂಗು. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಅವರು ರಾಳ ಸವರಿದ ಚರ್ಮದ ಕೈಗವಸನ್ನು ಡಬಲ್ ಬಾಸ್ ವಾದ್ಯದ ಸಡಿಲ ತಂತಿಯ ಮೇಲೆ ಉಜ್ಜಿಸಿ ಅದನ್ನು ಪಡೆದರು.

ಈ ಕರಾವಳಿಯಲ್ಲಿ ನಿಂತು ರಾಳದ ಮಾತೆತ್ತಿದ ಮೇಲೆ ಬಯಲಾಟದ ಕಡೆಗೆ ತಿರುಗದೆ ಇರುವುದು ಸಾಧ್ಯವಿಲ್ಲ. ಮೊದಲೇ ಸ್ಪಷ್ಟಪಡಿಸುತ್ತೇನೆ: ದೈವಾರಾಧನೆಯನ್ನು ನಾನು ಈ ಚರ್ಚೆಗೆ ತರುವುದಿಲ್ಲ, ಅದು ಆರಾಧನೆಯೇ ಹೊರತು ಹಾರರ್ ಚಿತ್ರದೊಡನೆ ತೂಗಿ ನೋಡುವ ಪ್ರದರ್ಶನವಲ್ಲ. ನಾನು ಹೇಳುತ್ತಿರುವುದು ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರಗಳ ವೇಷದ ಬಗ್ಗೆ. ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿ ಮುಖದ ಮೇಲೆ ಇಟ್ಟ ಚುಟ್ಟಿ, ದೊಡ್ಡ ಕಿರೀಟ, ದೊಂದಿಯ ಬೆಂಕಿಗೆ ಎಸೆದ ರಾಳದ ಹುಡಿ, ಇಷ್ಟೇ ಅದರ ಸಾಮಗ್ರಿ. ವೇಷಧಾರಿ ಯಾರೆಂಬುದು ಸಭೆಗೆ ಗೊತ್ತು, ಅವರು ಚೌಕಿಯಲ್ಲಿ ಕುಳಿತು ಗಂಟೆಗಟ್ಟಲೆ ಬಣ್ಣ ಹಾಕಿಕೊಳ್ಳುವುದನ್ನು ಇಣುಕಿ ನೋಡಿದ ಮಕ್ಕಳೂ ಇರುತ್ತಾರೆ. ಆದರೂ ದೇವಿ ಮಹಾತ್ಮೆ ಪ್ರಸಂಗದಲ್ಲಿ ಮಹಿಷಾಸುರ ಬರುವ ಹೊತ್ತಿಗೆ, ನಿದ್ದೆಗೆ ಜಾರಿದ ಮಕ್ಕಳನ್ನು ಹಿರಿಯರು ಎಬ್ಬಿಸಿ ಕೂರಿಸುತ್ತಾರೆ. ದೂರದ ಕತ್ತಲಿನಿಂದ ಮೊದಲು ಅಬ್ಬರ ಕೇಳುತ್ತದೆ, ಚೆಂಡೆಯ ಪೆಟ್ಟು ಬಿರುಸಾಗುತ್ತದೆ, ಜನ ಎದ್ದು ದಾರಿ ಬಿಡುತ್ತಾರೆ, ಬೆಂಕಿ ಭಗ್ಗನೆ ಏಳುತ್ತದೆ, ಅದರ ನಡುವೆ ಕೊಂಬುಗಳು ಕಾಣುತ್ತವೆ. ಇತರ ರಾಕ್ಷಸ ಪಾತ್ರಗಳಾದರೆ ಇಬ್ಬರು ಹಿಡಿದ ತೆರೆಯ ಹಿಂದೆ ಕುಣಿಯುತ್ತಾ ತಮ್ಮನ್ನು ತುಸುತುಸುವೇ ತೋರಿಸಿಕೊಳ್ಳುತ್ತವೆ. ಇಷ್ಟೆಲ್ಲ ಆದ ಮೇಲೆ ಆ ಕೊಂಬು ಯಾವುದರಿಂದ ಮಾಡಿದ್ದು ಎಂದು ಕೇಳುವ ಮನಸ್ಸು ಯಾರಿಗೂ ಬರುವುದಿಲ್ಲ. ಇದನ್ನು ನೋಡಿ ಬೆಳೆದ ನಮ್ಮ ಜಿಲ್ಲೆಗಳ ಪ್ರೇಕ್ಷಕರು ಒಂದು ಚಿತ್ರದ ಜೀವಿಯನ್ನು ನಕಲಿ ಎಂದು ತಳ್ಳಿಹಾಕಿದಾಗ, ಅವರು ನೈಜತೆಯ ಹಠ ಹಿಡಿದಿದ್ದಾರೆ ಎಂದು ನಾನು ಒಪ್ಪಲಾರೆ. ಆ ಜೀವಿಗೆ ಸರಿಯಾದ ಒಂದು ಪ್ರವೇಶವನ್ನು ಕೊಡಲಿಲ್ಲವಲ್ಲ ಎಂಬುದು ಅವರ ದೂರು.

ಬರುವ ಮುನ್ನ ಕೊಟ್ಟ ಮಾತು ಕೂಡ ಪ್ರವೇಶದ ಒಂದು ಭಾಗವೇ. ಗರೆತ್ ಎಡ್ವರ್ಡ್ಸ್ ಅವರ 2010ರ ಮಾನ್‌ಸ್ಟರ್ಸ್ ಐದು ಲಕ್ಷ ಡಾಲರಿಗೂ ಕಡಿಮೆ ವೆಚ್ಚದ ಚಿತ್ರ. ಬೆರಳೆಣಿಕೆಯ ತಂಡದೊಡನೆ ಪ್ರಯಾಣಿಸುತ್ತಾ ಚಿತ್ರೀಕರಿಸಿದ ಅವರು ಜೀವಿಗಳ ಗ್ರಾಫಿಕ್ಸನ್ನು ತಮ್ಮ ಕಂಪ್ಯೂಟರಿನಲ್ಲಿ ತಾವೇ ಮಾಡಿದರು. ಇಬ್ಬರ ನಡುವೆ ನಿಧಾನವಾಗಿ ಅರಳುವ ಸಂಬಂಧವನ್ನು ಮೆಚ್ಚಿದವರು ಅದನ್ನು ಬಹಳವಾಗಿ ಮೆಚ್ಚಿದರು. ಹೆಸರನ್ನು ನಂಬಿ ದೈತ್ಯಜೀವಿಗಳನ್ನು ನೋಡಲು ಬಂದವರು ಬೇಸರಪಟ್ಟರು. ಹಾಗೆ ಬೇಸರಪಟ್ಟವರನ್ನು ಅಭಿರುಚಿ ಇಲ್ಲದವರೆಂದು ಜರೆಯುವುದು ಅನ್ಯಾಯ. ಶೀರ್ಷಿಕೆ, ಪೋಸ್ಟರ್ ಮತ್ತು ಟ್ರೇಲರ್ ಒಂದನ್ನು ಹೇಳಿ ಚಿತ್ರ ಇನ್ನೊಂದನ್ನು ಕೊಟ್ಟರೆ, ಟಿಕೆಟಿಗೆ ಹಣ ಕೊಟ್ಟವರಿಗೆ ಕೇಳುವ ಹಕ್ಕಿದೆ.

ನಗುವಿನ ಬಗ್ಗೆಯೂ ಒಂದು ಮಾತು. ಹೆದರಿಸಬೇಕಾದ ದೃಶ್ಯದಲ್ಲಿ ಸಭಾಂಗಣ ನಕ್ಕರೆ, ನಗು ಹುಟ್ಟಿದ್ದು ಜೀವಿಯ ಮುಖದಿಂದಲೋ ಅದರ ಎದುರಿಗಿದ್ದ ಪಾತ್ರದ ನಡವಳಿಕೆಯಿಂದಲೋ ಎಂಬುದನ್ನು ಪತ್ತೆ ಮಾಡಬೇಕು. ಗೆಳೆಯನನ್ನು ಜೀವಿಯೊಂದು ಎಳೆದೊಯ್ದ ಮರುಗಳಿಗೆಯಲ್ಲಿ ಉಳಿದವರು ಆರಾಮವಾಗಿ ಹರಟೆ ಹೊಡೆದರೆ, ಕೋಟಿಗಟ್ಟಲೆ ಸುರಿದು ಮಾಡಿದ ಗ್ರಾಫಿಕ್ಸ್ ಕೂಡ ಆ ಚಿತ್ರವನ್ನು ಕಾಪಾಡಲಾರದು. ಚಿತ್ರದೊಳಗಿನ ಜನರೇ ನಂಬದ ಜೀವಿಯನ್ನು ಹೊರಗಿನ ಜನ ಏಕೆ ನಂಬಬೇಕು? ನಟರ ತಾಲೀಮಿಗೆ ಹೆಚ್ಚು ಹಣ ಬೇಕಾಗಿಲ್ಲ. ಸಮಯ ಬೇಕು, ತಾಳ್ಮೆ ಬೇಕು.

ಅಂಕಗಳ ವಿಚಾರಕ್ಕೆ ಬಂದರೆ ಸ್ವಲ್ಪ ಎಚ್ಚರ ಅಗತ್ಯ. ಅಮೆರಿಕದಲ್ಲಿ ಸಿನೆಮಾಸ್ಕೋರ್ ಎಂಬ ಸಂಸ್ಥೆ ಬಿಡುಗಡೆಯ ರಾತ್ರಿಯೇ ಪ್ರೇಕ್ಷಕರಿಂದ ಎ ಪ್ಲಸ್‌ನಿಂದ ಎಫ್‌ವರೆಗಿನ ಶ್ರೇಣಿಯನ್ನು ಪಡೆಯುತ್ತದೆ. ಹಾರರ್ ಚಿತ್ರಗಳಿಗೆ ಅಲ್ಲಿ ಸಾಮಾನ್ಯವಾಗಿ ಇತರ ಪ್ರಕಾರಗಳಿಗಿಂತ ಕೆಳಗಿನ ಶ್ರೇಣಿಯೇ ಸಿಗುತ್ತದೆ. ಮನಸ್ಸು ಕಲಕಿದ ಸ್ಥಿತಿಯಲ್ಲಿ ಹೊರಬಂದವರು ಆ ಕ್ಷಣದಲ್ಲೇ ಮೆಚ್ಚುಗೆ ಬರೆಯುವುದು ಕಷ್ಟ. ಜಾನ್ ಕಾರ್ಪೆಂಟರ್ ಅವರ ದ ಥಿಂಗ್ ಕಡಿಮೆ ಖರ್ಚಿನ ಚಿತ್ರವಲ್ಲವಾದರೂ ಇಲ್ಲಿ ಉಲ್ಲೇಖಕ್ಕೆ ಅರ್ಹ. 1982ರ ಜೂನ್‌ನಲ್ಲಿ ಅದು ತೆರೆಕಂಡಾಗ, ಎರಡು ವಾರ ಮೊದಲು ಬಂದಿದ್ದ ಅನ್ಯಗ್ರಹದ ಅಕ್ಕರೆಯ ಜೀವಿಯ ಕತೆಯಾದ ಇ.ಟಿ. ಜನರ ಮನಸ್ಸನ್ನು ತುಂಬಿತ್ತು; ದ ಥಿಂಗ್‌ನ ಜೀವಿ ಅಸಹ್ಯವೆಂದು ಹಲವರು ತಿರಸ್ಕರಿಸಿದರು. ಮುಂದೆ ವೀಡಿಯೊ ಕ್ಯಾಸೆಟ್ ಮತ್ತು ಟೆಲಿವಿಷನ್‌ನಲ್ಲಿ ಅದನ್ನು ನೋಡಿದವರು ಅದನ್ನು ಈ ಪ್ರಕಾರದ ಶ್ರೇಷ್ಠ ಕೃತಿಗಳ ಸಾಲಿಗೆ ಸೇರಿಸಿದರು.

ಹಾಗಾದರೆ ಮಂಗಳೂರಿನಲ್ಲೋ ಉಡುಪಿಯಲ್ಲೋ ಸಾಲ ಮಾಡಿ ಇಂಥದ್ದೊಂದು ಚಿತ್ರ ಮಾಡುತ್ತಿರುವ ತಂಡ ಪ್ರೇಕ್ಷಕರ ಅಭಿಪ್ರಾಯವನ್ನು ಪಡೆಯುವುದು ಹೇಗೆ? ಬಿಡುಗಡೆಗೆ ಮುನ್ನ, ತಮ್ಮ ನೆಂಟರಿಷ್ಟರಲ್ಲದ ಕೆಲವರನ್ನು ಕರೆದು ತೋರಿಸಬೇಕು. ಚಿತ್ರ ಹೇಗಿತ್ತು ಎಂದು ಕೇಳಿದರೆ ಸಂಕೋಚಕ್ಕೆ ಚೆನ್ನಾಗಿದೆ ಎನ್ನುತ್ತಾರೆ. ಜೀವಿ ಇದೆ ಎಂದು ನಿಮಗೆ ಮೊದಲು ಅನ್ನಿಸಿದ್ದು ಯಾವ ದೃಶ್ಯದಲ್ಲಿ, ಅದು ಸುಳ್ಳು ಎಂದು ಅನ್ನಿಸಿದ್ದು ಯಾವ ದೃಶ್ಯದಲ್ಲಿ ಎಂದು ಕೇಳಿದರೆ ನಿಖರವಾದ ಉತ್ತರ ಬರುತ್ತದೆ. ಎರಡನೆಯದನ್ನು ಕುರಿತು ಹಲವರು ಒಂದೇ ದೃಶ್ಯವನ್ನು ಹೆಸರಿಸಿದರೆ, ಗ್ರಾಫಿಕ್ಸ್ ಮಾಡುವವರ ಬಳಿಗೆ ಓಡುವ ಮೊದಲು ಎಡಿಟಿಂಗ್ ಮೇಜಿನ ಮುಂದೆ ಕುಳಿತು ಅದರ ಹಿಂದಿನ ಐದು ನಿಮಿಷಗಳನ್ನು ನೋಡಿ, ಅಲ್ಲಿ ಕೇಳಬೇಕಾಗಿದ್ದ ಸದ್ದು ಕೇಳುತ್ತಿದೆಯೇ, ನಟರ ಕಣ್ಣು ಸರಿಯಾದ ಕಡೆ ನೋಡುತ್ತಿದೆಯೇ ಎಂದು ಪರೀಕ್ಷಿಸಿ. ಜೀವಿಯ ಶಾಟ್‌ನಿಂದ ಒಂದೆರಡು ಸೆಕೆಂಡ್ ಕತ್ತರಿಸಿ ಆ ಜಾಗದಲ್ಲಿ ಎದುರಿಗಿರುವವರ ಮುಖವನ್ನು ಇಟ್ಟು ನೋಡಿ. ಬಳಿಕ, ಮೊದಲ ಬಾರಿ ನೋಡದ ಬೇರೆಯವರನ್ನು ಕರೆದು ಅದೇ ಎರಡು ಪ್ರಶ್ನೆಗಳನ್ನು ಮತ್ತೆ ಕೇಳಿ.