ಬೀದರಿಗೆ ಹೋದರೆ ಅಂಚಿಗೆ ಹೋಗಿ

ಕೇಳುಗರೆಲ್ಲರಿಗೂ ಶರಣು ಶರಣಾರ್ಥಿ.

ಬೆಟ್ಟದ ಮೇಲಿನ ಊರುಗಳ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಬೆಟ್ಟದ ಊರು ಅಂದ ಕೂಡಲೇ ನಿಮ್ಮ ತಲೆಗೆ ಬರುವುದು ಊಟಿ, ಮಡಿಕೇರಿ, ಮಹಾಬಳೇಶ್ವರ, ಅಲ್ವಾ? ರಜೆ ಬಂತು ಅಂದರೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು, ಸೊಂಟ ಹಿಡಿಸಿಕೊಂಡು, ಎರಡರಷ್ಟು ಬಾಡಿಗೆ ಕೊಟ್ಟು ನೋಡಿ ಬರುತ್ತೇವೆ. ನಾನು ಇವತ್ತು ಹೇಳುವ ಊರಿಗೆ ನಮ್ಮ ಕಲಬುರಗಿಯಿಂದ ಬೆಳಿಗ್ಗೆ ನಾಷ್ಟಾ ಮಾಡಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಮುಟ್ಟಬಹುದು. ಆ ಊರು ಬೀದರ್.

ಬೀದರ್ ಬೆಟ್ಟದ ಊರಾ ಅಂತ ನೀವು ಕೇಳುತ್ತೀರಿ. ಹೌದು. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಬೀದರ್ ಸುಮಾರು 700 ಮೀಟರ್ ಎತ್ತರದಲ್ಲಿದೆ. ಅಂದರೆ ನಮಗಿಂತ 250 ಮೀಟರ್ ಮೇಲೆ. ಆದರೂ ಅಲ್ಲಿಗೆ ಹೋದವರಿಗೆ ಬೆಟ್ಟ ಹತ್ತಿದೆವು ಅನ್ನಿಸುವುದೇ ಇಲ್ಲ. ಯಾಕೆ ಅಂದರೆ ಆ ಬೆಟ್ಟಕ್ಕೆ ಚೂಪಾದ ತುದಿ ಇಲ್ಲ, ಮೇಲೆ ಪೂರ್ತಿ ಸಪಾಟಾಗಿದೆ, ಮೈಲಿಗಟ್ಟಲೆ ಸಪಾಟು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಆಟೋ ಹತ್ತಿ ಕೋಟೆಗೆ ಹೋಗಿ ಬಂದರೆ ನಿಮಗೆ ಎಲ್ಲೂ ಏರು ಸಿಗುವುದಿಲ್ಲ. ಅದಕ್ಕೇ ನಾನು ಇವತ್ತು ಹೇಳುವುದು ಒಂದೇ ಮಾತು, ಬರೆದುಕೊಳ್ಳಿ ಬೇಕಾದರೆ. ಬೀದರಿಗೆ ಹೋದರೆ ಅಂಚಿಗೆ ಹೋಗಿ. ಊರಿನ ನಡುವೆ ಸುತ್ತಾಡಿ ವಾಪಸ್ ಬರಬೇಡಿ, ಆ ಸಪಾಟು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಹೋಗಿ ನಿಂತು ಕೆಳಗೆ ನೋಡಿ.

ನಮ್ಮವರು ಬೀದರ್ ನೋಡುವ ರೀತಿ ನನಗೆ ಚೆನ್ನಾಗಿ ಗೊತ್ತು. ಕೋಟೆಯಲ್ಲಿ ಒಂದು ತಾಸು, ಫಿರಂಗಿಯ ಮುಂದೆ ಫೋಟೊ, ಮದರಸಾದ ಮುಂದೆ ಇನ್ನೊಂದು ಫೋಟೊ, ಒಂದು ಬಿದರಿ ಹೂದಾನಿ, ಆಮೇಲೆ ಬಿರಿಯಾನಿ, ಸಂಜೆಗೆ ಮನೆ. ಕೋಟೆ ನೋಡಬೇಡಿ ಅಂತ ನಾನು ಹೇಳುವುದಿಲ್ಲ, ಖಂಡಿತ ನೋಡಿ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮಿನಾರಿನ ಮೇಲೆ ಇವತ್ತಿಗೂ ಅಲ್ಲಲ್ಲಿ ಉಳಿದಿರುವ ನೀಲಿ ಹಂಚು ನೋಡಿದರೆ ಕಣ್ಣು ತಂಪಾಗುತ್ತದೆ. ಆದರೆ ಅಷ್ಟಕ್ಕೇ ವಾಪಸ್ ಬಂದರೆ ನೀವು ಬೀದರಿನ ಮೇಲ್ಭಾಗ ಮಾತ್ರ ನೋಡಿದಿರಿ. ಆ ಊರು ಅಲ್ಲಿ ಯಾಕೆ ಇದೆ ಅನ್ನುವುದು ನಿಮಗೆ ತಿಳಿಯಲೇ ಇಲ್ಲ.

ನಾನು ಭೂವಿಜ್ಞಾನ ಪಾಠ ಮಾಡಿದವನು, ಹಾಗಾಗಿ ಕಲ್ಲಿನಿಂದಲೇ ಶುರು ಮಾಡುತ್ತೇನೆ, ಸ್ವಲ್ಪ ಸಹಿಸಿಕೊಳ್ಳಿ. ನೀವು ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ಮೇಲೆ ಹೋಗುತ್ತೀರಿ. ಕಿಟಕಿ ಪಕ್ಕ ಕೂತುಕೊಳ್ಳಿ, ಮೊಬೈಲ್ ಒಳಗಿಡಿ, ಮಣ್ಣಿನ ಬಣ್ಣ ನೋಡುತ್ತಾ ಹೋಗಿ. ಮೊದಲು ನಮ್ಮ ಕರಿ ಎರೆ ಭೂಮಿ, ತೊಗರಿ ಹೊಲ. ಬೀದರ್ ಹತ್ತಿರ ಬರುತ್ತಿದ್ದಂತೆ ನೆಲ ಕೆಂಪಾಗುತ್ತದೆ, ಇಟ್ಟಿಗೆ ಪುಡಿ ಚೆಲ್ಲಿದಷ್ಟು ಕೆಂಪು. ಅದೇ ಲ್ಯಾಟರೈಟ್, ಜಂಬಿಟ್ಟಿಗೆ ಕಲ್ಲು. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಗಟ್ಟಿಯಾಗಿ ಈ ಭಾಗದ ಕರಿಕಲ್ಲು ಆಯಿತು. ಆಮೇಲೆ ಬಿಸಿಲು ಮಳೆ, ಬಿಸಿಲು ಮಳೆ, ಲಕ್ಷಗಟ್ಟಲೆ ವರ್ಷ. ಕರಿಕಲ್ಲಿನ ಮೇಲಿನ ಪದರ ಕೊಳೆತು, ಕರಗುವುದೆಲ್ಲ ಕರಗಿ ಹೋಗಿ, ಕಬ್ಬಿಣದ ಅಂಶ ಉಳಿಯಿತು. ಅದಕ್ಕೇ ಆ ಕೆಂಪು. ಆ ಕಲ್ಲಿನ ತುಂಬ ತೂತು. ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಬೀದರ್ ಕೋಟೆಗೆ ಮೂರು ಸಾಲಿನ ಕಂದಕ ಇದೆಯಲ್ಲ, ಅದನ್ನು ತೋಡಿದ್ದು ಇದೇ ಕಲ್ಲಿನಲ್ಲಿ.

ಈಗ ಮುಖ್ಯ ವಿಷಯ. ಮೇಲೆ ತೂತಿನ ಕೆಂಪು ಕಲ್ಲು, ಅದರ ಕೆಳಗೆ ಜೇಡಿಯ ಪದರ, ಅದರ ಕೆಳಗೆ ಕರಿಕಲ್ಲು. ಮಳೆ ಬಿದ್ದರೆ ನೀರು ಕೆಂಪು ಕಲ್ಲಿನೊಳಗೆ ಸರಸರ ಇಳಿಯುತ್ತದೆ. ಜೇಡಿ ಅದನ್ನು ಕೆಳಗೆ ಬಿಡುವುದಿಲ್ಲ. ನೀರು ಏನು ಮಾಡಬೇಕು? ಅಡ್ಡಡ್ಡ ಹೋಗುತ್ತದೆ, ಬೆಟ್ಟದ ಅಂಚಿನಲ್ಲಿ ಹೊರಗೆ ಬರುತ್ತದೆ. ಬೀದರಿನ ಝರಿಗಳ ಗುಟ್ಟು ಇಷ್ಟೇ. ಅಂಚಿಗೆ ಹೋಗಿ ಅಂತ ನಾನು ಬಡಿದುಕೊಳ್ಳುವುದು ಇದಕ್ಕೇ.

ಒಂದು ಪ್ರಸಂಗ ಹೇಳುತ್ತೇನೆ. ಒಂದು ಸಲ ಕಾಲೇಜಿನ ಹುಡುಗರನ್ನು ಬೀದರಿಗೆ ಕರೆದುಕೊಂಡು ಹೋಗಿದ್ದೆ. ಶ್ರಾವಣ ಮುಗಿದಿತ್ತು, ಮಳೆ ಆ ವರ್ಷ ಚೆನ್ನಾಗಿ ಬಿದ್ದಿತ್ತು. ಗುಂಪಿನಲ್ಲಿ ಸುರಪುರ ಕಡೆಯ ಒಬ್ಬ ಹುಡುಗ, ಒಕ್ಕಲುತನದ ಮನೆಯವನು, ಮಾತು ಕಡಿಮೆ. ಕೋಟೆಯ ಕಂದಕದ ಪಕ್ಕ ನಿಂತು ನಾನು ಪಾಠ ಹೇಳುತ್ತಿದ್ದರೆ ಇವನು ಸುಮ್ನೆ ಹಿಂದೆ ಕೂತು ಬಾಟಲಿಯಿಂದ ಕಲ್ಲಿನ ಮೇಲೆ ನೀರು ಸುರಿಯುತ್ತಿದ್ದಾನೆ. ನನಗೆ ಸಿಟ್ಟು ಬಂತು. ಏನೋ ಅದು, ಕುಡಿಯೋ ನೀರು ಚೆಲ್ಲುತ್ತೀಯಾ ಅಂದೆ. ಅವನು ತಲೆ ಎತ್ತಿ, "ಸರ್, ನೀರ ಎಲ್ಲಿ ಹೊಂಟದ್ರೀ?" ಅಂದ. ಹತ್ತಿರ ಹೋಗಿ ಬಗ್ಗಿ ನೋಡಿದೆ. ಅಂಗೈಯಗಲದ ಕಲ್ಲು, ಮೇಲೆಲ್ಲ ಕಾಳು ಹಿಡಿಸುವಷ್ಟು ತೂತುಗಳು. ನೀರು ಬಿದ್ದ ಕೂಡಲೇ ಒಂದು ಕ್ಷಣ ಮಿನುಗುತ್ತಿತ್ತು, ಆಮೇಲೆ ಚಹಾದಲ್ಲಿ ಅದ್ದಿದ ಟೋಸ್ಟಿನ ಹಾಗೆ ಕಲ್ಲು ಅದನ್ನು ಎಳೆದುಕೊಂಡುಬಿಡುತ್ತಿತ್ತು. ಪಕ್ಕಕ್ಕೆ ಹರಿಯುವುದೇ ಇಲ್ಲ. ಅವನ ಊರಿನ ಎರೆ ಹೊಲದಲ್ಲಿ ಮಳೆ ಬಂದರೆ ನೀರು ನಿಲ್ಲುತ್ತದೆ, ಕಾಲು ಹೂಳುತ್ತದೆ. ಅವನಿಗೆ ಇದು ಹೊಸದು.

ನಾನು ಪಾಠ ನಿಲ್ಲಿಸಿದೆ. ನಡೀರಿ, ಇವನ ನೀರು ಎಲ್ಲಿಗೆ ಹೋಯಿತು ಅಂತ ಹುಡುಕೋಣ ಅಂದೆ.

ಮೊದಲು ನಾನಕ್ ಝೀರಾ ಗುರುದ್ವಾರ. ಗುರು ನಾನಕರು ದಕ್ಷಿಣಕ್ಕೆ ಬಂದಾಗ ಇಲ್ಲಿ ಸಿಹಿನೀರಿಗೆ ಕಷ್ಟ ಇತ್ತಂತೆ, ಅವರು ಒಂದು ಕಲ್ಲನ್ನು ಕಾಲಿನಿಂದ ಸರಿಸಿದರಂತೆ, ಅಲ್ಲಿಂದ ಝರಿ ಹುಟ್ಟಿತು ಅಂತ ಭಕ್ತರು ನಂಬುತ್ತಾರೆ. ಸಿಖ್ಖರ ಪಂಚ ಪ್ಯಾರೆಗಳಲ್ಲಿ, ಅಂದರೆ ಗುರು ಗೋಬಿಂದ್ ಸಿಂಗರಿಂದ ಮೊದಲು ಖಾಲ್ಸಾ ದೀಕ್ಷೆ ಪಡೆದ ಐವರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು, ಇದು ಎಷ್ಟು ಜನಕ್ಕೆ ಗೊತ್ತು ಹೇಳಿ. ಹುಡುಗರು ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದರು, ಬೊಗಸೆಯಲ್ಲಿ ಹಿಡಿದು ನೀರು ಕುಡಿದರು, ಲಂಗರಿನಲ್ಲಿ ಕೂತು ರೊಟ್ಟಿ ದಾಲ್ ಉಂಡರು. ಅಲ್ಲಿ ಸೇವೆ ಮಾಡುತ್ತಿದ್ದ ಒಬ್ಬ ಹಿರಿಯ ಸರ್ದಾರ್ಜಿ ಅಪ್ಪಟ ಬೀದರ್ ಕನ್ನಡದಲ್ಲಿ, "ಇನ್ನೊಂದ್ ರೊಟ್ಟಿ ತಗೋರಿ" ಅಂತ ಬಲವಂತ ಮಾಡುತ್ತಿದ್ದರು. ನಮ್ಮ ಹುಡುಗ ಅವರನ್ನೇ ಕೇಳಿದ, "ಕಾಕಾ, ಬ್ಯಾಸಿಗ್ಯಾಗೂ ಈ ನೀರ ಬರ್ತಾವೇನ್ರೀ?" ಅವರು ನಕ್ಕರು. "ಬರ್ತಾವಪ್ಪಾ, ನಾ ಹುಟ್ಟಿದಾಗಿಂದ ನೋಡಕತ್ತೀನಿ" ಅಂದರು.

ಅಲ್ಲಿಂದ ಝರಣಿ ನರಸಿಂಹ. ನೋಡಿ, ನಾನು ಯಾರಿಗೆ ಬೀದರ್ ತೋರಿಸಿದರೂ ಇಲ್ಲಿಗೆ ಕರೆದುಕೊಂಡು ಹೋಗದೆ ಬಿಡುವುದಿಲ್ಲ. ಇದು ಬೆಟ್ಟದ ಹೊಟ್ಟೆಯೊಳಗಿನ ದೇವರು. ಮೆಟ್ಟಿಲು ಇಳಿದು ಹೋದರೆ ಸುರಂಗ, ಸುಮಾರು 300 ಮೀಟರ್ ಉದ್ದ, ಅದರ ತುಂಬ ನೀರು. ಸೊಂಟದ ತನಕ, ಕೆಲವು ಕಡೆ ಎದೆಯ ತನಕ. ಸಣ್ಣ ಮಕ್ಕಳನ್ನು ಅಪ್ಪಂದಿರು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಾರೆ. ಮೇಲೆ ಬಾವಲಿಗಳು. "ಗೋವಿಂದ, ಗೋವಿಂದ" ಅನ್ನುವ ಕೂಗು ಗೋಡೆಗೆ ಬಡಿದು ವಾಪಸ್ ಬರುತ್ತದೆ. ನರಸಿಂಹ ಇಲ್ಲಿ ಝರಾಸುರ ಅನ್ನುವ ರಾಕ್ಷಸನನ್ನು ಕೊಂದ, ಅವನು ನೀರಾಗಿ ಹರಿಯುತ್ತಾ ದೇವರ ಪಾದದಲ್ಲೇ ಉಳಿದ ಅಂತ ಕಥೆ. ಸುರಂಗದ ಕೊನೆಯಲ್ಲಿ ಕಲ್ಲಿನ ಗೋಡೆಯಲ್ಲೇ ನರಸಿಂಹ, ಪಕ್ಕದಲ್ಲಿ ಶಿವಲಿಂಗ. ನಾಲ್ಕು ಜನ ನಿಂತರೆ ಜಾಗ ಮುಗಿಯಿತು.

ನಮ್ಮ ಹುಡುಗನಿಗೆ ಈಜು ಬರುತ್ತಿತ್ತು, ಆದರೆ ಬಾವಲಿ ನೋಡಿ ಹೆದರಿದ. ನನ್ನ ಅಂಗಿ ಹಿಡಿದುಕೊಂಡೇ ಬಂದ. ಅರ್ಧ ದಾರಿಯಲ್ಲಿ ನಿಂತುಬಿಟ್ಟ. ಹಿಂದಿನವರು ಮುಂದೆ ನಡೀರಿ ಅಂತ ಗದರುತ್ತಿದ್ದಾರೆ, ಇವನು ಅಲ್ಲಾಡುವುದಿಲ್ಲ. ಗೋಡೆಗೆ ಅಂಗೈ ಇಟ್ಟು ನಿಂತಿದ್ದಾನೆ. ನನ್ನ ಕೈಯನ್ನೂ ಹಿಡಿದು ಅಲ್ಲಿ ಇಟ್ಟ. ಅದೇ ಕೆಂಪು ಕಲ್ಲು, ಅದೇ ಕಾಳಿನಷ್ಟು ತೂತು, ಆದರೆ ಒಂದೊಂದು ತೂತಿನಿಂದಲೂ ನೀರು ಜಿನುಗಿ ನಮ್ಮ ಬೆರಳ ಸಂದಿಯಿಂದ ಮಣಿಕಟ್ಟಿಗೆ ಇಳಿಯುತ್ತಿತ್ತು. "ನಾ ಮ್ಯಾಲೆ ಸುರದದ್ದು ಇಲ್ಲೇ ಅದರೀ ಸರ್" ಅಂದ. ವರ್ಷಗಟ್ಟಲೆ ಬೋರ್ಡಿನ ಮೇಲೆ ಚಿತ್ರ ಬರೆದು ಬರೆದು ನಾನು ಹೇಳುತ್ತಿದ್ದ ವಿಷಯ ಅದು. ಅವನ ಅಂಗೈಗೆ ಒಂದು ನಿಮಿಷದಲ್ಲಿ ಅರ್ಥವಾಯಿತು.

ಸಮಯ ಜಾಸ್ತಿ ಉಳಿದಿಲ್ಲ ಅಂತ ಸ್ಟುಡಿಯೊ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಬೇಗ ಹೇಳುತ್ತೇನೆ.

ಬೀದರಿಗೆ ಹತ್ತಿದ ನೌಬಾದಿನ ಕರೇಜ್, ಅಂದರೆ ಸುರಂಗ ಬಾವಿ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ ಮಾಡಿದ್ದು. ಇರಾನಿನ ಕಡೆಯ ವಿದ್ಯೆ. ನೆಲದಡಿ ಉದ್ದಕ್ಕೆ ಕಾಲುವೆ ಕೊರೆದು, ಸ್ವಲ್ಪ ಇಳಿಜಾರು ಕೊಟ್ಟು, ಮೋಟರು, ಕರೆಂಟು ಏನೂ ಇಲ್ಲದೆ ನೀರು ತಾನಾಗಿ ಹರಿಯುವ ಹಾಗೆ ಮಾಡಿದ್ದಾರೆ. ನಡುನಡುವೆ ಗಾಳಿಗೆ, ಹೂಳು ತೆಗೆಯುವುದಕ್ಕೆ ಬಾವಿಯಂಥ ಕಿಂಡಿಗಳು. ನೀರು ಕೆಂಪು ಕಲ್ಲಿನಲ್ಲಿ ಎಲ್ಲಿ ಕೂತಿರುತ್ತದೆ ಅಂತ ಅವರಿಗೆ ಗೊತ್ತಿತ್ತು, ನೋಡಿ. ಈಗ ಊರು ಬೆಳೆದು ಆ ಕಿಂಡಿಗಳ ಹತ್ತಿರವೇ ಮನೆಗಳು ಬರುತ್ತಿವೆ. ನನಗೆ ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅಲ್ಲಿ ಜಾಗ ತೆಗೆದುಕೊಳ್ಳುವವರು ದಯವಿಟ್ಟು ಕಿಂಡಿಗೆ ಕಸ ಹಾಕಬೇಡಿ, ಮುಚ್ಚಬೇಡಿ.

ಕೋಟೆಯಲ್ಲಿ ಇದ್ದರೆ ಉತ್ತರದ ಗೋಡೆಯ ಕಡೆ ನಡೆಯಿರಿ. ಅಲ್ಲಿ ಬೆಟ್ಟ ಕಡಿದು ಕೆಳಗೆ ಮಾಂಜ್ರಾ ನದಿಯ ಬಯಲು ತೆರೆಯುತ್ತದೆ. ಆ ಕಡೆ ಬಿದ್ದ ಮಳೆ ಗೋದಾವರಿಗೆ ಹೋಗುತ್ತದೆ, ನಮ್ಮ ಕಲಬುರಗಿ ಕಡೆ ಬಿದ್ದ ಮಳೆ ಭೀಮೆಯಿಂದ ಕೃಷ್ಣೆಗೆ. ಪೂರ್ವದ ಅಂಚು ಇಳಿದರೆ ಅಷ್ಟೂರು, ಬಹಮನಿ ಸುಲ್ತಾನರ ಗುಮ್ಮಟಗಳು. ರಾಜಧಾನಿಯನ್ನು ನಮ್ಮ ಕಲಬುರಗಿಯಿಂದ ಆ ಎತ್ತರಕ್ಕೆ ಒಯ್ದ ಅಹ್ಮದ್ ಶಾಹ ವಲಿಯ ಗೋರಿ ಅಲ್ಲಿದೆ, ಅವನನ್ನು ಅಲ್ಲಮಪ್ರಭು ಅಂತ ಪೂಜಿಸುವವರೂ ಇದ್ದಾರೆ. ಅವನ ಉರುಸಿಗೆ ನಮ್ಮ ಕಲಬುರಗಿ ಜಿಲ್ಲೆಯ ಮಾಡ್ಯಾಳದಿಂದ ಜಂಗಮರು ಹೋಗುತ್ತಾರೆ. ಇನ್ನೊಂದು ಕಡೆ ಪಾಪನಾಶ, ಗುಡಿ, ಪಕ್ಕದಲ್ಲೇ ಕೆರೆ. ಎಲ್ಲವೂ ಅಂಚಿನಲ್ಲೇ, ಗಮನಿಸಿ.

ಚಿಗರಿ, ಅಂದರೆ ಕೃಷ್ಣಮೃಗ, ನೋಡಬೇಕು ಅನ್ನುವವರು ಊರ ಹೊರಗಿನ ಹುಲ್ಲುಗಾವಲಿಗೆ ಬೆಳಿಗ್ಗೆ ಬೇಗ ಹೋಗಿ. ಕರಿ ಬೆನ್ನು, ಬಿಳಿ ಹೊಟ್ಟೆ, ಸುರುಳಿ ಕೊಂಬು. ಗಾಡಿ ನಿಲ್ಲಿಸಿ ದೂರದಿಂದ ನೋಡಿ, ಬೆನ್ನು ಹತ್ತಬೇಡಿ. ಹಾಡು ಹಾಕಿಕೊಂಡು ಹೋಗುವವರಿಗೆ ಅವು ಕಾಣಿಸುವುದೇ ಇಲ್ಲ. ಇನ್ನೂ ಒಂದು ದಿನ ಕೈಯಲ್ಲಿದ್ದರೆ ಬರುವಾಗ ಚಿಂಚೋಳಿ ಕಾಡು ನೋಡಿ ಬನ್ನಿ, ಅದು ನಮ್ಮದೇ ಜಿಲ್ಲೆಯದು, 2011ರಲ್ಲಿ ವನ್ಯಜೀವಿ ಧಾಮ ಆಗಿದೆ. ಚಂದ್ರಂಪಳ್ಳಿ ಜಲಾಶಯದ ಸುತ್ತ ಗುಡ್ಡ, ಕಾಡು, ಲಂಬಾಣಿ ತಾಂಡಾಗಳು. ಅದರ ಬಗ್ಗೆಯೇ ಬೇರೆ ಭಾಷಣ ಬೇಕು.

ಯಾವಾಗ ಹೋಗಬೇಕು? ಮಳೆಗಾಲದ ಕೊನೆಗೆ, ದಸರಾ ದೀಪಾವಳಿ ಹೊತ್ತಿಗೆ. ಕಲ್ಲು ಹೊಟ್ಟೆ ತುಂಬ ನೀರು ಕುಡಿದಿರುತ್ತದೆ, ಝರಿ ಜೋರಾಗಿರುತ್ತದೆ, ಅಂಚಿನ ಕೆಳಗೆಲ್ಲ ಹಸಿರು. ಮೇ ತಿಂಗಳಲ್ಲಿ ಹೋಗಿ ಏನೂ ಇಲ್ಲ ಅನ್ನಬೇಡಿ. 2017ರಿಂದ ಕಲಬುರಗಿ ಬೀದರ್ ನಡುವೆ ರೈಲೂ ಇದೆ, ಮರಗುತ್ತಿ ಹತ್ತಿರ ಸುರಂಗದಲ್ಲಿ ನುಗ್ಗಿ ಹೋಗುತ್ತದೆ, ಮಕ್ಕಳಿಗೆ ಖುಷಿ. ರಸ್ತೆಯಲ್ಲಿ ಹೋದರೆ ಕಮಲಾಪುರದ ಕೆಂಪು ಬಾಳೆಹಣ್ಣು ಸಿಕ್ಕರೆ ಬಿಡಬೇಡಿ.

ಝರಣಿ ನರಸಿಂಹಕ್ಕೆ ಹೋಗುವ ಮುಂಚೆ ಸುರಂಗ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ, ಒಮ್ಮೊಮ್ಮೆ ಮುಚ್ಚಿರುತ್ತಾರೆ. ಒಂದು ಜೊತೆ ಒಣ ಬಟ್ಟೆ ಇಟ್ಟುಕೊಳ್ಳಿ. ಉಬ್ಬಸ ಇದ್ದವರು, ಬಿಪಿ ಇದ್ದವರು ಹೊರಗಿನಿಂದಲೇ ಕೈ ಮುಗಿಯಿರಿ. ಒಳಗೆ ಹೋದವರು ಎಡಗೈ ಗೋಡೆಯ ಮೇಲೆ ಇಟ್ಟುಕೊಂಡು ನಡೆಯಿರಿ.

ನಮಸ್ಕಾರ.