ಕಾರಿನ ಬಾಗಿಲಿಗೆ ಐದು ಗುಂಡಿ ಕೊಡಿ

ನಮಸ್ಕಾರ. ಇವತ್ತು ಕಾರು ತಯಾರಿಸುವ ಕಂಪನಿಗಳ ಮುಂದೆ ಒಂದು ಬೇಡಿಕೆ ಇಡುತ್ತಿದ್ದೇನೆ. ಮೇಲ್ಛಾವಣಿಗೆ ಗಾಜು ಹಾಕಿದ್ದೀರಿ, ಸೀಟಿಗೆ ಗಾಳಿ ಬರುವಂತೆ ಮಾಡಿದ್ದೀರಿ, ಡ್ಯಾಶ್‌ಬೋರ್ಡಿನ ಉದ್ದಕ್ಕೂ ಪರದೆ ಕೂರಿಸಿದ್ದೀರಿ. ಅಂಕಿ ಒತ್ತಿ ಬೀಗ ತೆಗೆಯುವ ಐದು ಗುಂಡಿಗಳನ್ನು ಚಾಲಕನ ಬಾಗಿಲ ಮೇಲೂ ಕೊಡಿ. ಕೊಡಗಿನಂಥ ಜಿಲ್ಲೆಯಲ್ಲಿ ಕಾರು ಇಟ್ಟುಕೊಂಡವರಿಗೆ ಗಾಜಿನ ಛಾವಣಿಗಿಂತ ಅದೇ ಹೆಚ್ಚು ಬೇಕಾದದ್ದು.

ಇದೇನೂ ಹೊಸ ಕಲ್ಪನೆಯಲ್ಲ. ಅಮೆರಿಕದಲ್ಲಿ ಫೋರ್ಡ್ ಕಂಪನಿ 1980ರಲ್ಲೇ ಥಂಡರ್‌ಬರ್ಡ್ ಮತ್ತು ಲಿಂಕನ್ ಕಾರುಗಳಲ್ಲಿ ಇದನ್ನು ತಂದಿತು. ಬಾಗಿಲ ಹಿಡಿಯ ಹತ್ತಿರ ಸಾಲಾಗಿ ಐದು ಗುಂಡಿಗಳು. ಮೊದಲನೆಯದರ ಮೇಲೆ 1 ಮತ್ತು 2, ಎರಡನೆಯದರ ಮೇಲೆ 3 ಮತ್ತು 4, ಹೀಗೆ ಕೊನೆಯದರ ಮೇಲೆ 9 ಮತ್ತು 0. ಐದು ಅಂಕಿಗಳ ಗುಟ್ಟಿನ ಸಂಖ್ಯೆ ಒತ್ತಿದರೆ ಚಾಲಕನ ಬಾಗಿಲು ತೆರೆಯುತ್ತದೆ. ಐದು ಸೆಕೆಂಡಿನೊಳಗೆ 3-4ರ ಗುಂಡಿ ಒತ್ತಿದರೆ ಉಳಿದ ಬಾಗಿಲುಗಳು, 5-6 ಒತ್ತಿದರೆ ಡಿಕ್ಕಿ. ಇಳಿದು ಹೋಗುವಾಗ ಕೊನೆಯ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಎಲ್ಲ ಬಾಗಿಲಿಗೂ ಬೀಗ. ಕಾರ್ಖಾನೆಯಿಂದ ಬಂದ ಸಂಖ್ಯೆ ಕಾಯಂ ಆಗಿರುತ್ತದೆ. ಅದರ ಜೊತೆಗೆ ಮಾಲೀಕ ತನ್ನದೇ ಸಂಖ್ಯೆ ಇಟ್ಟುಕೊಳ್ಳಬಹುದು, ಬೇಡವೆಂದಾಗ ಅಳಿಸಬಹುದು. ಇದೇ ಕಂಪನಿ ನಮ್ಮ ದೇಶದಲ್ಲಿ ಇಕಾನ್, ಫಿಗೊ, ಇಕೋಸ್ಪೋರ್ಟ್‌ಗಳನ್ನು ಮಾರಿತು. 2021ರಲ್ಲಿ ಇಲ್ಲಿನ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಅಷ್ಟು ವರ್ಷಗಳಲ್ಲಿ ಆ ಐದು ಗುಂಡಿಗಳು ಮಾತ್ರ ನಮ್ಮ ಕಾರುಗಳ ಬಾಗಿಲಿಗೆ ಬರಲಿಲ್ಲ.

ಕೊಡಗಿನಲ್ಲಿ ಇದು ಯಾಕೆ ಬೇಕು ಎಂದು ಹೇಳುತ್ತೇನೆ. ಕಾಫಿ ತೋಟದಲ್ಲಿ ಮರಕಸಿ, ಎಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ನಡೆಯುವಾಗ ಒಳಗೆ ಹೋದವರನ್ನು ನೋಡಿ. ಕಡಿದುಬಿದ್ದ ಕೊಂಬೆ, ಸಿಲ್ವರ್ ಓಕಿನ ತರಗೆಲೆ, ಅದರ ಕೆಳಗೆ ಒದ್ದೆ ಮಣ್ಣು. ಜಿಗಣೆ ಕಿತ್ತು ಹಾಕಲು ಬಗ್ಗಿದಾಗ ಅಂಗಿಯ ಜೇಬಿನಿಂದ ಕೀಲಿ ಜಾರಿದರೆ ಸದ್ದೂ ಕೇಳಿಸುವುದಿಲ್ಲ. ಈಗಿನ ಸ್ಮಾರ್ಟ್ ಕೀಲಿಯ ಬಣ್ಣವೋ ಕಪ್ಪು. ಎಲೆಯಡಿ ಸೇರಿದರೆ ಮುಗಿಯಿತು. ಮೊಬೈಲ್ ಕಾರಿನೊಳಗೆ, ಊಟದ ಬುತ್ತಿ ಕಾರಿನೊಳಗೆ, ಪ್ಲಾಸ್ಟಿಕ್ ಕೊಪ್ಪೆಯೂ ಕಾರಿನೊಳಗೆ. ಬೀಗ ತೆಗೆಯಬಲ್ಲ ಮೆಕ್ಯಾನಿಕ್ ಸಿಗಬೇಕಾದರೆ ಕುಶಾಲನಗರಕ್ಕೋ ವಿರಾಜಪೇಟೆಗೋ ಹೋಗಬೇಕು. ಹೊಸ ಕೀಲಿಗೆ ಕೋಡ್ ಹಾಕಿಸಲು ಎಷ್ಟೋ ಕಂಪನಿಗಳವರು ಮೈಸೂರಿನ ದಾರಿ ತೋರಿಸುತ್ತಾರೆ. ಮಡಿಕೇರಿಯಿಂದ ಅದು ಸುಮಾರು 120 ಕಿಲೋಮೀಟರ್. ಬಾಗಿಲ ಮೇಲೆ ಗುಂಡಿಗಳಿದ್ದರೆ ಕೀಲಿ ಕಾರಿನೊಳಗೇ ಭದ್ರವಾಗಿರುತ್ತಿತ್ತು, ತೋಟಕ್ಕೆ ಬರಿಗೈಯಲ್ಲಿ ಹೋಗಬಹುದಿತ್ತು.

ತುಲಾ ಸಂಕ್ರಮಣಕ್ಕೆ ಭಾಗಮಂಡಲಕ್ಕೆ ಬರುವವರ ಪಾಡೂ ಅದೇ. ತ್ರಿವೇಣಿ ಸಂಗಮದಲ್ಲಿ ಮುಳುಗೇಳುವ ಹೊತ್ತಿಗೆ ಕೀಲಿ ಯಾರ ಕೈಯಲ್ಲಿ ಕೊಡುವುದು? ಕೆಲವರು ಟವೆಲಿಗೆ ಸುತ್ತಿ ಮೆಟ್ಟಿಲ ಮೇಲೆ ಇಡುತ್ತಾರೆ, ಕೆಲವರು ಕಾರಿನ ಟೈರಿನ ಮೇಲಿಟ್ಟು ಬರುತ್ತಾರೆ. ಟೈರಿನ ಮೇಲೆ ಕೈಯಾಡಿಸುವುದು ಕಳ್ಳನಿಗೂ ಗೊತ್ತು.

ಕಾಫಿ ಕುಯ್ಲಿನ ಕಾಲದಲ್ಲಿ ಇದರ ಉಪಯೋಗ ಇನ್ನೂ ದೊಡ್ಡದು. ಕಣದ ಹತ್ತಿರ ನಿಲ್ಲಿಸಿದ ಕಾರಿನಿಂದ ತೋಟದ ಲೆಕ್ಕ ಬರೆಯುವ ರೈಟರು ಬಟವಾಡೆ ಪುಸ್ತಕವನ್ನೋ ಚೀಲ ಹೊಲಿಯುವ ದಾರವನ್ನೋ ತೆಗೆದುಕೊಳ್ಳಬೇಕು. ಮಾಲೀಕರು ತೋಟದ ಆ ಕೊನೆಯಲ್ಲಿದ್ದಾರೆ. ಕೀಲಿ ಕೊಟ್ಟುಹೋದರೆ ಕಾರನ್ನೇ ಕೊಟ್ಟುಹೋದ ಹಾಗೆ. ಬೆಳಿಗ್ಗೆಯೇ ಸಂಖ್ಯೆ ಹೇಳಿದ್ದರೆ ಬಾಗಿಲು ಮಾತ್ರ ತೆರೆಯುತ್ತದೆ, ಕೀಲಿ ಮಾಲೀಕರ ಬಳಿಯೇ ಇರುವುದರಿಂದ ಎಂಜಿನ್ ಚಾಲೂ ಆಗುವುದಿಲ್ಲ. ಕುಯ್ಲು ಮುಗಿದ ಮೇಲೆ ಆ ಸಂಖ್ಯೆ ಅಳಿಸಿ ಬೇರೆಯದನ್ನು ಇಟ್ಟರಾಯಿತು. ಯಾರನ್ನೂ ಅನುಮಾನದಿಂದ ನೋಡಬೇಕಾಗಿಲ್ಲ, ಯಾರಿಂದಲೂ ಏನನ್ನೂ ವಾಪಸ್ ಕೇಳಬೇಕಾಗಿಲ್ಲ.

ಇನ್ನು ಮಗು ಒಳಗಿದ್ದು ಬೀಗ ಬಿದ್ದುಬಿಟ್ಟರೆ? ಈ ಮಾತನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಕೊಡಗು ತಂಪಿನ ಊರು ಎಂಬ ಧೈರ್ಯ ಬೇಡ. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನ ಒಳಗೆ ಅರ್ಧ ಗಂಟೆಯಲ್ಲೇ ಉಷ್ಣಾಂಶ ಹೊರಗಿಗಿಂತ 15 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಏರಬಲ್ಲದು. ಕೀಲಿ ಒಳಗಿದ್ದು ಗುಂಡಿ ಇಲ್ಲದಿದ್ದರೆ ಕಲ್ಲು ತೆಗೆದುಕೊಂಡು ಗಾಜು ಒಡೆಯಿರಿ, ಮಗುವಿನಿಂದ ದೂರದ ಕಿಟಕಿಯ ಗಾಜು. ಆಮೇಲಿನ ಖರ್ಚನ್ನು ಆಮೇಲೆ ನೋಡಿಕೊಳ್ಳೋಣ.

ಕೆಲವರು ಹೇಳುತ್ತಾರೆ, ಈಗ ಮೊಬೈಲ್ ಆ್ಯಪ್‌ನಲ್ಲೇ ಬಾಗಿಲು ತೆರೆಯಬಹುದಲ್ಲ ಎಂದು. ಹೌದು, ನೆಟ್‌ವರ್ಕ್ ಇದ್ದರೆ. ದೂರದಿಂದ ಆ್ಯಪ್ ಮೂಲಕ ಬೀಗ ತೆಗೆಯಲು ನಿಮ್ಮ ಫೋನಿಗೂ ಸಂಪರ್ಕ ಬೇಕು, ಕಾರಿನೊಳಗಿನ ಸಿಮ್‌ಗೂ ಸಂಪರ್ಕ ಬೇಕು. ತೋಟದ ತಗ್ಗಿನಲ್ಲಿ ಒಂದು ಗೆರೆ ಸಿಗ್ನಲ್ ಹುಡುಕಿಕೊಂಡು ಏರಿ ಹತ್ತುವವರು ನಾವು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಕರೆಂಟೂ ಇರಲಿಲ್ಲ, ಫೋನೂ ಇರಲಿಲ್ಲ. ಬ್ಲೂಟೂತ್ ಕೀಲಿಗೆ ನೆಟ್‌ವರ್ಕ್ ಬೇಡ ನಿಜ, ಆದರೆ ಫೋನಿನಲ್ಲಿ ಚಾರ್ಜ್ ಇರಬೇಕು. ತಲೆಯಲ್ಲಿರುವ ಐದು ಅಂಕಿಗೆ ಚಾರ್ಜ್ ಬೇಕಿಲ್ಲ. ಕಾರಿನ ಬ್ಯಾಟರಿಯೇ ಸತ್ತರೆ ಗುಂಡಿಗಳೂ ಕೆಲಸ ಮಾಡುವುದಿಲ್ಲ, ಆದ್ದರಿಂದ ಬಾಗಿಲ ಹಿಡಿಯ ಹಿಂದಿನ ಕೀಲಿರಂಧ್ರವನ್ನು ಯಾರೂ ತೆಗೆಯಬಾರದು.

ಭದ್ರತೆಯ ಪ್ರಶ್ನೆ ನ್ಯಾಯವಾದದ್ದು. ಒಂದು ಗುಂಡಿಗೆ ಎರಡು ಅಂಕಿ ಇರುವುದರಿಂದ ಬೀಗಕ್ಕೆ 1ಕ್ಕೂ 2ಕ್ಕೂ ವ್ಯತ್ಯಾಸ ತಿಳಿಯದು. ಐದು ಗುಂಡಿ, ಐದು ಸಲ: ಒಟ್ಟು 3,125 ಸಂಖ್ಯೆಗಳು ಮಾತ್ರ. ಹಳೆಯ ಬೀಗಗಳು ಕೊನೆಯ ಐದು ಒತ್ತುಗಳನ್ನಷ್ಟೇ ಗಮನಿಸುತ್ತಿದ್ದವು. ಹಾಗಾಗಿ ಒಂದು ಸಂಖ್ಯೆಯ ಬಾಲವೇ ಮುಂದಿನದರ ತಲೆಯಾಗುವಂತೆ ಜೋಡಿಸಿ ಒತ್ತುತ್ತಾ ಹೋದರೆ 3,129 ಒತ್ತುಗಳಲ್ಲಿ ಎಲ್ಲ ಸಂಖ್ಯೆಗಳೂ ಮುಗಿಯುತ್ತವೆ ಎಂಬುದನ್ನು ಗಣಿತ ಬಲ್ಲವರು ತೋರಿಸಿಕೊಟ್ಟರು. ಅದಕ್ಕೆ ಮದ್ದೂ ಬಂದಿದೆ. 35 ಒತ್ತುಗಳು, ಎಂದರೆ ಏಳು ತಪ್ಪು ಸಂಖ್ಯೆಗಳು ಆದೊಡನೆ ಗುಂಡಿಗಳು ಒಂದು ನಿಮಿಷ ನಿಷ್ಕ್ರಿಯವಾಗುತ್ತವೆ. ಗಾಜು ಒಡೆಯುವ ಕಳ್ಳನಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ನನಗೆ ಹೆಚ್ಚು ಕಾಡುವುದು ಸವೆತ. ವರ್ಷಗಟ್ಟಲೆ ಅದೇ ಗುಂಡಿಗಳನ್ನು ಒತ್ತಿದರೆ ಅವು ಮಾತ್ರ ಮಾಸುತ್ತವೆ, ನೋಡಿದವರಿಗೆ ಸುಳಿವು ಸಿಗುತ್ತದೆ. ಹುಟ್ಟಿದ ವರ್ಷ, ಗಾಡಿಯ ನಂಬರ್ ಬೇಡ, ಆಗಾಗ ಬದಲಿಸಿ.

ಈಗಿನ ಕೆಲವು ಕಾರುಗಳಲ್ಲಿ ಗುಂಡಿಗಳೇ ಇಲ್ಲದೆ ಬಾಗಿಲ ಪಕ್ಕದ ಕಂಬದ ಮೇಲೆ ಬೆರಳು ತಾಗಿಸಿದರೆ ಅಂಕಿ ಬೆಳಗುವ ವ್ಯವಸ್ಥೆ ಇದೆ. ನೋಡಲು ಚಂದ. ಆದರೆ ನಮಗೆ ಒತ್ತಿದ್ದು ಕೈಗೆ ಗೊತ್ತಾಗುವ ರಬ್ಬರ್ ಗುಂಡಿಗಳೇ ಬೇಕು. ಜುಲೈ ತಿಂಗಳಲ್ಲಿ ನಮ್ಮ ಕೈ ಒಣಗಿರುವುದೇ ಅಪರೂಪ. ಜೊತೆಗೆ ಗುಟ್ಟಿನ ಸಂಖ್ಯೆಯ ಅಂಕಿಗಳನ್ನು ಐದರಿಂದ ಆರಕ್ಕೆ ಏರಿಸಲಿ. ಆಗ 3,125 ಇದ್ದದ್ದು 15,625 ಆಗುತ್ತದೆ, ಗುಂಡಿ ಒಂದೂ ಹೆಚ್ಚುವುದಿಲ್ಲ. ಮುಂದಿನ ಸಲ ಶೋರೂಮಿಗೆ ಹೋದಾಗ ಮಾರಾಟದವರನ್ನು ಬಾಯಿಬಿಟ್ಟು ಕೇಳಿ. ಇಲ್ಲ ಎಂದರೆ ನಿಮ್ಮ ಬೇಡಿಕೆಯನ್ನು ಬರೆದುಕೊಂಡು ಕಂಪನಿಗೆ ಕಳಿಸಲು ಹೇಳಿ.