ಡಿಸ್ಚಾರ್ಜ್ ಆಯ್ತು, ಚಿಕಿತ್ಸೆ ಮುಗಿಯಲಿಲ್ಲ

ನನ್ನ ತಂಗಿಯ ಮಗ ಹುಟ್ಟಿದ್ದು 29ನೇ ವಾರಕ್ಕೆ. ತೂಕ 1150 ಗ್ರಾಂ. ಏಳು ವಾರ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಇದ್ದು ಮನೆಗೆ ಬಂದ. ಆ ಮೊದಲ ರಾತ್ರಿ ತಂಗಿ ಕಣ್ಣು ಮುಚ್ಚಲಿಲ್ಲ. ಮಗುವಿನ ಹೊಟ್ಟೆ ಮೇಲೆ ಎರಡು ಬೆರಳು ಮೆಲ್ಲಗೆ ಇಟ್ಟುಕೊಂಡು, ಅದು ಏರಿ ಇಳಿಯುವುದನ್ನೇ ನೋಡುತ್ತಾ ಬೆಳಗು ಮಾಡಿದಳು. ಸ್ವಲ್ಪ ಮಲಗೇ ಅಂದರೆ, "ಅಕ್ಕ, ಆ ಮಿಷಿನ್ ಶಬ್ದ ಇಲ್ಲ ಇಲ್ಲಿ. ಇವನು ಉಸಿರಾಡ್ತಿದ್ದಾನೋ ಇಲ್ವೋ ಅಂತ ನಂಗೆ ಹೇಗೆ ಗೊತ್ತಾಗಬೇಕು?" ಅಂದಳು.

ಏಳು ವಾರ ಅವಳು ನೋಡಿದ್ದು ಮಾನಿಟರ್ ಮೇಲಿನ ನಂಬರ್‌ಗಳನ್ನ. ಮಗುವನ್ನೇ ನೋಡಿ ಮಗುವಿನ ಸ್ಥಿತಿ ತಿಳಿದುಕೊಳ್ಳುವುದನ್ನ ಯಾರೂ ಕಲಿಸಿರಲಿಲ್ಲ. ಮೈಬಣ್ಣ ಹೇಗಿದ್ದರೆ ಗಾಬರಿಯಾಗಬೇಕು, ಎಷ್ಟು ಹೊತ್ತು ಹಾಲು ಕುಡಿಯದಿದ್ದರೆ ಫೋನ್ ಮಾಡಬೇಕು, ಯಾವ ಉಸಿರಾಟ ಮಾಮೂಲು, ಯಾವುದು ಅಲ್ಲ, ಏನೂ ಗೊತ್ತಿರಲಿಲ್ಲ.

ಆಸ್ಪತ್ರೆಯವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಆ ನರ್ಸ್‌ಗಳ ಕೈಯಿಂದಲೇ ಮಗು ಉಳಿದಿದ್ದು, ಅದನ್ನ ನಾವು ಸಾಯೋವರೆಗೂ ಮರೆಯಲ್ಲ. ಆದರೆ ಜೀವ ಉಳಿಸಲು ಅಷ್ಟು ಕಷ್ಟಪಟ್ಟವರು, ಬಾಗಿಲು ದಾಟಿದ ಮೇಲೆ ಆ ಮಗುವನ್ನ ಒಂದು ಫೈಲ್ ಸಮೇತ ನಮ್ಮ ಕೈಗೆ ಕೊಟ್ಟು ಸುಮ್ಮನಾಗಿಬಿಡುತ್ತಾರಲ್ಲ, ಅದು ನನಗೆ ಒಪ್ಪಿಗೆ ಇಲ್ಲ.

ಆ ಫೈಲ್ ಬಗ್ಗೆ ಹೇಳಲೇಬೇಕು. 14 ಹಾಳೆ. ಆರನೇ ಹಾಳೆಯ ಕೆಳಗೆ, ಮೂಲೆಯಲ್ಲಿ, ಪೆನ್ನಿನಲ್ಲಿ 'ಆರ್‌ಒಪಿ' ಅಂತ ಬರೆದು ಪಕ್ಕದಲ್ಲಿ ಒಂದು ತಾರೀಖು ಹಾಕಿದ್ದರು. ಅಷ್ಟೇ. ತಂಗಿ ಅದನ್ನ ಯಾವುದೋ ರಕ್ತ ಪರೀಕ್ಷೆ ಅಂದುಕೊಂಡಿದ್ದಳು. ನನ್ನ ಕಣ್ಣಿಗೆ ಅದು ಬೀಳುವ ಹೊತ್ತಿಗೆ ತಾರೀಖು ಕಳೆದು ಒಂಬತ್ತು ದಿನ ಆಗಿತ್ತು.

ಆರ್‌ಒಪಿ ಅಂದರೆ ಕಣ್ಣಿನ ಪರದೆಯ ತೊಂದರೆ. ಕಣ್ಣಿನ ಹಿಂದಿನ ಪರದೆಯಲ್ಲಿ ರಕ್ತನಾಳಗಳು ಬೆಳೆದು ಮುಗಿಯುವುದು ಬಸುರಿನ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ. ಮಗು ಬೇಗ ಹುಟ್ಟಿದರೆ ಆ ಬೆಳವಣಿಗೆ ಅರ್ಧಕ್ಕೆ ನಿಂತು, ಆಮೇಲೆ ದಾರಿ ತಪ್ಪಿ ಬೆಳೆಯಬಹುದು. ಪರದೆಯನ್ನೇ ಎಳೆದು ಕಿತ್ತುಬಿಡಬಹುದು. ಭಯ ಆಗುವ ವಿಷಯ ಏನು ಗೊತ್ತಾ, ಹೊರಗಿಂದ ನೋಡಿದರೆ ಕಣ್ಣು ಚೆನ್ನಾಗೇ ಕಾಣುತ್ತದೆ. ತಾಯಿಗೆ ಗೊತ್ತಾಗಲ್ಲ, ಅಜ್ಜಿಗೂ ಗೊತ್ತಾಗಲ್ಲ. ತಜ್ಞರು ಒಳಗಿನ ಪರದೆಯನ್ನೇ ನೋಡಬೇಕು, ಒಂದು ಸಲ ಅಲ್ಲ, ನಾಳಗಳು ಪೂರ್ತಿ ಬೆಳೆಯುವವರೆಗೆ ಒಂದೆರಡು ವಾರಕ್ಕೊಮ್ಮೆ ನೋಡುತ್ತಲೇ ಇರಬೇಕು. ತೊಂದರೆ ಜಾಸ್ತಿ ಅಂತ ಕಂಡರೆ ಎರಡು ಮೂರು ದಿನದೊಳಗೆ ಲೇಸರ್ ಅಥವಾ ಇಂಜೆಕ್ಷನ್ ಆಗಬೇಕು. ತಡವಾದರೆ ಹೋದ ದೃಷ್ಟಿ ವಾಪಸ್ ಬರಲ್ಲ. ನಾವು ಕಳೆದಿದ್ದು ಒಂಬತ್ತು ದಿನ.

ಅವತ್ತೇ ಕಣ್ಣಿನ ಪರೀಕ್ಷೆಗೆ ಓಡಿದೆವು. ಕಣ್ಣಿಗೆ ಏನೂ ಆಗಿರಲಿಲ್ಲ, ಪುಣ್ಯ. ಆದರೆ ಅಲ್ಲಿ ಕೇಳಿದ ಮೊದಲ ಮಾತು, "ಯಾಕಮ್ಮ ಇಷ್ಟು ಲೇಟ್ ಮಾಡಿದ್ರಿ? ಓದಿದವರಲ್ವಾ ನೀವು?" ತಂಗಿ ತಲೆ ತಗ್ಗಿಸಿಕೊಂಡು ನಿಂತಿದ್ದಳು, ತಪ್ಪು ಮಾಡಿದ ಮಗು ಥರ. ಅವಳಿಗೆ ಆಪರೇಷನ್ ಆಗಿ ಎರಡು ತಿಂಗಳು ಆಗಿತ್ತು ಅಷ್ಟೇ. ಎರಡು ಗಂಟೆಗೊಮ್ಮೆ ಹಾಲು ಹಿಂಡಿ ಅಳತೆ ಮಾಡಿ ಕುಡಿಸುತ್ತಿದ್ದಳು. ಅವಳ ಕೈಗೆ 14 ಹಾಳೆ ಕೊಟ್ಟು, ಒಂದು ಫೋನೂ ಮಾಡದೆ, ಲೇಟ್ ಆಯ್ತು ಅಂತ ಬೈದರೆ ಯಾರ ತಪ್ಪು ಅದು?

ಇದೆಲ್ಲ ಮೊದಲೇ ಶುರುವಾಗುತ್ತೆ, ಎನ್‌ಐಸಿಯು ಒಳಗೇ. ತಂಗಿಗೆ ಮಗುವನ್ನ ನೋಡಲು ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ ಬಿಡುತ್ತಿದ್ದರು. ಹೆತ್ತ ತಾಯಿಗೆ ವಿಸಿಟಿಂಗ್ ಟೈಮ್! 1978ರಲ್ಲೇ ಕೊಲಂಬಿಯಾದ ಬೊಗೊಟಾದಲ್ಲಿ ಡಾಕ್ಟರ್ ಎಡ್ಗರ್ ರೇ ಸನಾಬ್ರಿಯಾ, ಮಗುವನ್ನ ಬೆಚ್ಚಗಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆ ಸಾಲದೆ ಇದ್ದಾಗ, ಸಣ್ಣ ಮಕ್ಕಳನ್ನ ತಾಯಿಯ ಎದೆಗೆ ಮೈಗೆ ಮೈ ತಾಗಿಸಿ ಇಡಲು ಶುರು ಮಾಡಿದರು. ಕಾಂಗರೂ ಆರೈಕೆ ಅಂತೀವಲ್ಲ, ಅದೇ. ಇಂಡಿಯಾ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ, ಒಂದರಿಂದ 1.8 ಕೆಜಿ ಒಳಗಿನ ಮಕ್ಕಳನ್ನ ಹುಟ್ಟಿದ ಕೂಡಲೇ ಹೀಗೆ ಎದೆಗೆ ಹಾಕಿದರೆ ಏನಾಗುತ್ತೆ ಅಂತ ಆಮೇಲೆ ಸಂಶೋಧಕರು ನೋಡಿದರು. ಮಗು ಸ್ಥಿರವಾಗಲಿ ಅಂತ ಕಾಯುವುದಕ್ಕಿಂತ ಇದರಲ್ಲಿ ಮೊದಲ 28 ದಿನದ ಸಾವು ಕಾಲು ಭಾಗದಷ್ಟು ಕಡಿಮೆಯಾಯಿತು. ಫಲಿತಾಂಶ ಬಂದಿದ್ದು 2021ರಲ್ಲಿ. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಹೇಳಿತು, ದಿನಕ್ಕೆ 8ರಿಂದ 24 ಗಂಟೆ. ತಾಯಿಯೇ ಔಷಧಿ ಅಂತ ಲೆಕ್ಕ ಸಮೇತ ತೋರಿಸಿದ ಮೇಲೂ ಬಾಗಿಲ ಹೊರಗೆ ಕೂರಿಸಿದರೆ ಹೇಗೆ? ಒಳಗಿದ್ದ ತಾಯಿ ನಾಲ್ಕೇ ದಿನದಲ್ಲಿ ಮಗುವಿನ ಉಸಿರು ಕಲಿಯುತ್ತಾಳೆ. ಮನೆಗೆ ಬಂದ ರಾತ್ರಿ ಅವಳಿಗೆ ಮಿಷಿನ್ ಬೇಕಾಗಲ್ಲ.

ಇನ್ನೊಂದು ವಿಷಯ, ವಯಸ್ಸಿನ ಲೆಕ್ಕ. ನಮ್ಮ ಹುಡುಗ ಆರು ತಿಂಗಳಿಗೆ ಕೂರುತ್ತಿಲ್ಲ ಅಂತ ಬಂದವರೆಲ್ಲ ಕೇಳೋರು. ಅವನು ಹನ್ನೊಂದು ವಾರ ಬೇಗ ಹುಟ್ಟಿದವನು. ಬೆಳವಣಿಗೆ ನೋಡುವಾಗ ಅದನ್ನ ಕಳೆಯಬೇಕು, ಆಗ ಅವನು ಮೂರೂವರೆ ತಿಂಗಳ ಮಗು. ಎರಡು ವರ್ಷದವರೆಗೆ ಹೀಗೇ ಲೆಕ್ಕ. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ, ಅದನ್ನ ಮುಂದೂಡಬೇಡಿ. ಇಷ್ಟು ಹೇಳಲು ಎರಡು ನಿಮಿಷ ಸಾಕು. ಯಾರೂ ಹೇಳದೆ ತಂಗಿ ಎಷ್ಟು ಅತ್ತಳೋ.

ಹಾಗಂತ ಎಲ್ಲದಕ್ಕೂ "ನಿಧಾನವಾಗಿ ಸರಿಹೋಗುತ್ತೆ ಬಿಡಿ" ಅನ್ನುವುದೂ ತಪ್ಪು. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಆಡಿಸುವುದು ಕಷ್ಟವಾಗುವುದು, ಅದರ ಥರದ ತೊಂದರೆಯ ಸುಳಿವು, ಕಲಿತವರು ಮಗುವಿನ ಚಲನೆ ನೋಡಿದರೆ, ಐದು ತಿಂಗಳೊಳಗೇ ಸಿಗಬಹುದು. ಕಿವಿ ಕೇಳಿಸದಿದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಶುರುವಾಗಬೇಕು, ಇಲ್ಲದಿದ್ದರೆ ಮಾತು ಹಿಂದೆ ಬೀಳುತ್ತೆ. ಬೇಗ ಗೊತ್ತಾದರೆ ಮಾಡುವುದಕ್ಕೆ ತುಂಬಾ ಇದೆ.

ಆಸ್ಪತ್ರೆಯವರೇ, ನಾನು ಹೊಸ ಮಿಷಿನ್ ಕೇಳ್ತಿಲ್ಲ. ಫೈಲ್‌ನ ಮೊದಲ ಹಾಳೆಯಲ್ಲಿ ದೊಡ್ಡದಾಗಿ, ತಾಯಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಿರಿ: ಕಣ್ಣು, ಈ ತಾರೀಖು. ಕಿವಿ, ಈ ತಾರೀಖು. ಮಗು ಮನೆಗೆ ಹೋದ ಎರಡು ದಿನದ ಮೇಲೆ ಒಂದು ಫೋನ್ ಮಾಡಿ. ತಾರೀಖಿಗೆ ಬರಲಿಲ್ಲ ಅಂದರೆ ಅವತ್ತು ಸಂಜೆಯೇ ಮತ್ತೊಂದು. ಫೋನ್ ಮಾಡಿದಾಗ "ನೀವು ಹೇಗಿದ್ದೀರಮ್ಮ, ನಿದ್ದೆ ಬರುತ್ತಾ?" ಅಂತಲೂ ಕೇಳಿ. ನನ್ನ ತಂಗಿಯನ್ನ ಆ ಪ್ರಶ್ನೆ ಒಬ್ಬರೂ ಕೇಳಲಿಲ್ಲ.

ಇದನ್ನ ಕೇಳ್ತಿರೋ ಯಾರ ಮನೆಯಲ್ಲಾದರೂ ಎನ್‌ಐಸಿಯುನಿಂದ ಬಂದ ಮಗು ಇದ್ದರೆ, ಈಗಲೇ ಎದ್ದು ಆ ಫೈಲ್ ತೆಗೆಯಿರಿ. ಕಣ್ಣಿನ ತಾರೀಖು ಹುಡುಕಿ. ಸಿಗಲಿಲ್ಲ ಅಂದರೆ ನಾಳೆಗೆ ಕಾಯಬೇಡಿ, ವಾರ್ಡ್‌ಗೆ ಫೋನ್ ಮಾಡಿ ಕೇಳಿ.